ಎಷ್ಟು ಭಾರ, ಯಾವಾಗ ಏರಿಸೋದು: ಮೂರು ಲೆಕ್ಕ, ಮೂರು ನೋಟ್‌ಬುಕ್

ಯಾವ ವ್ಯಾಯಾಮ ಒಳ್ಳೆಯದು ಎಂದು ಕೇಳಿದರೆ ಟ್ರೈನರ್‌ಗಳು ಗಂಟೆಗಟ್ಟಲೆ ವಾದ ಮಾಡುತ್ತಾರೆ. ‘ಈ ಕ್ಲೈಂಟ್‌ಗೆ ಇವತ್ತು ಎಷ್ಟು ಭಾರ? ಮುಂದಿನ ವಾರ ಎಷ್ಟು?’ ಎಂದು ಕೇಳಿ ನೋಡಿ, ಹೆಚ್ಚಿನವರ ಉತ್ತರ ಒಂದೇ: ‘ನೋಡ್ಕೊಂಡು ಹಾಕ್ತೀವಿ.’ ನಾನೂ ಮೊದಲ ಎರಡು ವರ್ಷ ನೋಡ್ಕೊಂಡೇ ಹಾಕಿದವನು. ತೊಂದರೆ ಏನೆಂದರೆ, ಆ ದಿನ ನನ್ನ ಮೂಡ್ ಹೇಗಿತ್ತೋ ಕ್ಲೈಂಟ್‌ನ ಬಾರ್ ಮೇಲಿನ ಪ್ಲೇಟೂ ಹಾಗೇ ಇರುತ್ತಿತ್ತು.

ಆಮೇಲೆ ಮೂರು ಪದ್ಧತಿಗಳನ್ನು ಹಿಡಿದು ಕೂತೆ. ಶೇಕಡಾ ಲೆಕ್ಕ, ‘ಇನ್ನೆಷ್ಟು ಉಳಿದಿದೆ’ ಲೆಕ್ಕ, ಮತ್ತು ಟ್ರೈನರ್‌ಗಳು ಡಬಲ್ ಪ್ರೋಗ್ರೆಶನ್ ಎನ್ನುವ ಎರಡು ಮೆಟ್ಟಿಲಿನ ಲೆಕ್ಕ. ಪ್ರತಿಯೊಂದನ್ನೂ ಮೊದಲು ಹನ್ನೆರಡು ವಾರ ನನ್ನ ಮೇಲೆ, ನಂತರ ಒಪ್ಪಿಕೊಂಡ ಕ್ಲೈಂಟ್‌ಗಳ ಮೇಲೆ ಪ್ರಯೋಗಿಸಿದೆ. ಒಂದೊಂದಕ್ಕೆ ಒಂದೊಂದು ನೋಟ್‌ಬುಕ್. ಇದನ್ನು ಸಂಶೋಧನೆ ಎಂದು ಯಾರೂ ತಿಳಿಯಬಾರದು. ಯಾರಿಗೆ ಯಾವ ಪದ್ಧತಿ ಎಂದು ಚೀಟಿ ಎತ್ತಿಸಿದ್ದಲ್ಲ, ಸಿಕ್ಕವರಿಗೆ ಸಿಕ್ಕಿದ್ದು. ಆದರೂ ನೋಟ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ಮೂರೂ ಪದ್ಧತಿಗಳು ಕ್ಲೈಂಟ್‌ಗೆ ಒಂದೊಂದು ಪ್ರಶ್ನೆ ಕೇಳುತ್ತವೆ. ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಆ ಕ್ಲೈಂಟ್‌ಗೆ ಇದೆಯೇ ಎನ್ನುವುದನ್ನು ನಾವು ಯೋಚಿಸುವುದೇ ಇಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ಯಾವ ಲೆಕ್ಕ ಹಿಡಿದರೂ ಆರೋಗ್ಯದ ಪ್ರಶ್ನಾವಳಿ ಮೊದಲು. ನಾನು ಬಳಸುವುದು ಪಾರ್-ಕ್ಯೂ ಪ್ಲಸ್. ಅದರ ಮೊದಲ ಪುಟದಲ್ಲಿ ಏಳೇ ಪ್ರಶ್ನೆ: ಹೃದಯದ ತೊಂದರೆ ಅಥವಾ ಬಿಪಿ, ಎದೆನೋವು, ತಲೆಸುತ್ತು, ದೀರ್ಘಕಾಲದ ಬೇರೆ ಕಾಯಿಲೆ, ಅದಕ್ಕೆ ತೆಗೆದುಕೊಳ್ಳುವ ಮಾತ್ರೆ, ಮೂಳೆ-ಕೀಲಿನ ನೋವು, ಡಾಕ್ಟರ ನಿಗಾ ಇಲ್ಲದೆ ವ್ಯಾಯಾಮ ಬೇಡ ಎಂದಿದ್ದಾರೆಯೇ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2015ರಲ್ಲಿ ತನ್ನ ತಪಾಸಣೆಯ ಕ್ರಮ ಬದಲಿಸಿದ ಮೇಲೆ ಇನ್ನೂ ಮೂರು ವಿಷಯಗಳ ಮೇಲೆ ಕಣ್ಣಿಡುತ್ತೇನೆ: ಈಗಾಗಲೇ ನಿಯಮಿತವಾಗಿ ವ್ಯಾಯಾಮ ಮಾಡುತ್ತಿದ್ದಾರೆಯೇ, ಹೃದಯ, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆಯೋ ಅದರ ಲಕ್ಷಣವೋ ಇದೆಯೇ, ಎಷ್ಟು ಜೋರಾಗಿ ಮಾಡಬೇಕೆಂದಿದ್ದಾರೆ. ಫಾರ್ಮ್ ತುಂಬಿಸಿ ಫೈಲಿಗೆ ಸೇರಿಸಿದರೆ ಸಾಲದು, ಎದುರು ಕೂತು ಓದಿಸಬೇಕು. ‘ಮಾತ್ರೆ ಏನಾದ್ರೂ ತಗೋತೀರಾ?’ ಎಂದರೆ ‘ಇಲ್ಲ ಸರ್’ ಎಂದವರೇ, ‘ಬೆಳಿಗ್ಗೆ ಎದ್ದ ತಕ್ಷಣ ಏನು ನುಂಗ್ತೀರಾ?’ ಎಂದು ಕೇಳಿದಾಗ ‘ಬಿಪಿದೊಂದು, ಅಷ್ಟೇ’ ಎನ್ನುತ್ತಾರೆ.

ಶೇಕಡಾ ಲೆಕ್ಕ

ಒಬ್ಬ ವ್ಯಕ್ತಿ ಒಂದೇ ಒಂದು ಬಾರಿ ಎತ್ತಬಲ್ಲ ಗರಿಷ್ಠ ಭಾರವೇ ವನ್ ರೆಪ್ ಮ್ಯಾಕ್ಸ್ (ರೆಪ್ ಎಂದರೆ ಒಂದು ಬಾರಿ ಎತ್ತಿ ಇಳಿಸುವುದು). ಅದರ ಶೇ. 80 ಹಾಕಿದರೆ ಸುಮಾರು 8 ರೆಪ್, ಶೇ. 75 ಆದರೆ ಸುಮಾರು 10. ಕಾಗದದ ಮೇಲೆ ಇದಕ್ಕಿಂತ ಚೆಂದದ ಪದ್ಧತಿ ಇಲ್ಲ. ಹನ್ನೆರಡು ವಾರದ ಯೋಜನೆಯನ್ನು ಒಂದೇ ಸಂಜೆಯಲ್ಲಿ ಸ್ಪ್ರೆಡ್‌ಶೀಟ್‌ನಲ್ಲಿ ಬರೆದು ಮುಗಿಸಬಹುದು. ನನ್ನ ಮೇಲೆ ಮಾಡಿಕೊಂಡಾಗ ಸೊಗಸಾಗಿ ನಡೆಯಿತು. ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಮೂರೂ ಏರಿದವು. ಏನು ಹಾಕಬೇಕೆಂದು ಯೋಚಿಸುವ ಗೋಜೇ ಇರಲಿಲ್ಲ.

ಕ್ಲೈಂಟ್‌ಗಳ ಹತ್ತಿರ ಬಂದಾಗ ಎಡವಿದೆ. ಹೊಸಬರಿಗೆ ಗರಿಷ್ಠ ಭಾರ ಎತ್ತಿಸಿ ಪರೀಕ್ಷಿಸುವ ಧೈರ್ಯ ನನಗಿರಲಿಲ್ಲ. ಭಾರ ಹೆಚ್ಚಾದಂತೆ ಜನ ಉಸಿರು ಬಿಗಿಹಿಡಿಯುತ್ತಾರೆ, ಆಗ ರಕ್ತದೊತ್ತಡ ಒಮ್ಮೆಲೇ ಜಿಗಿಯುತ್ತದೆ. ಬಿಪಿ ಇರುವವರ ಜೊತೆ ಆ ಆಟ ಬೇಡ. ಹಾಗಾಗಿ ಸೂತ್ರಕ್ಕೆ ಮೊರೆ ಹೋದೆ: ಕಡಿಮೆ ಭಾರದಲ್ಲಿ ಎಷ್ಟು ರೆಪ್ ಆಗುತ್ತದೆ ನೋಡಿ, ಗರಿಷ್ಠವನ್ನು ಲೆಕ್ಕ ಹಾಕುವುದು. ಹೆಸರುವಾಸಿಯಾದವು ಎರಡು, ಎಪ್ಲಿ ಸೂತ್ರ ಮತ್ತು ಬ್ರಿಜಿಕಿ ಸೂತ್ರ. 40 ಕೆಜಿಯನ್ನು 10 ಸಲ ಎತ್ತಿದರೆ ಎರಡೂ ಒಂದೇ ಉತ್ತರ ಕೊಡುತ್ತವೆ, 53 ಕೆಜಿ ಚಿಲ್ಲರೆ. 15 ಸಲ ಎತ್ತಿದರೆ ಎಪ್ಲಿ 60 ಎನ್ನುತ್ತದೆ, ಬ್ರಿಜಿಕಿ 65 ದಾಟುತ್ತದೆ. 20 ಸಲ ಎಂದರೆ ಒಂದು 67ರ ಹತ್ತಿರ, ಇನ್ನೊಂದು 85ರ ಹತ್ತಿರ! ಹತ್ತು ರೆಪ್ ದಾಟಿದ ಮೇಲೆ ಈ ಸೂತ್ರಗಳನ್ನು ನಂಬುವುದೂ ಒಂದೇ, ಕವಡೆ ಹಾಕುವುದೂ ಒಂದೇ. ಇದು ನನಗೆ ಗೊತ್ತಾದದ್ದು ತಡವಾಗಿ. ದಿನವಿಡೀ ಕೂತು ಕೆಲಸ ಮಾಡುವ ಒಬ್ಬರು ಚೆಸ್ಟ್ ಪ್ರೆಸ್ ಮೆಶಿನ್‌ನಲ್ಲಿ 40 ಕೆಜಿಯನ್ನು 15 ಸಲ ತಳ್ಳಿದರು. ನಾನು ದೊಡ್ಡ ಸಂಖ್ಯೆಯನ್ನೇ ಹಿಡಿದು, ಅದರ ಶೇ. 80 ಎಂದು 52 ಕೆಜಿ ಬರೆದೆ. ಮೂರನೇ ಸೆಶನ್‌ಗೆ ಭುಜ ಹಿಡಿಯಿತು. ಎರಡು ವಾರ ಪ್ರೆಸ್ ಬಿಡಿಸಿ ಬರೀ ರೋ, ಅಂದರೆ ಎಳೆಯುವ ವ್ಯಾಯಾಮ, ಮಾಡಿಸಬೇಕಾಯಿತು. ತಪ್ಪು ಅವರದ್ದಲ್ಲ, ಸೂತ್ರದ್ದೂ ಅಲ್ಲ, ನನ್ನದು.

ಇನ್ನೆರಡು ತೊಡಕು. ಒಂದೇ ಶೇಕಡಾ ಎಲ್ಲ ವ್ಯಾಯಾಮಕ್ಕೂ ಒಂದೇ ಅಲ್ಲ: ಶೇ. 80ರಲ್ಲಿ ಲೆಗ್ ಪ್ರೆಸ್ ಹದಿನೈದು ಸಲ ಮಾಡುವವರು ಬೈಸೆಪ್ಸ್ ಕರ್ಲ್‌ಗೆ ಏಳೆಂಟಕ್ಕೇ ಸುಸ್ತು. ಎರಡನೆಯದು, ಹೊಸಬರ ಗರಿಷ್ಠ ಒಂದು ಕಡೆ ನಿಲ್ಲುವುದೇ ಇಲ್ಲ. ಮೊದಲ ಕೆಲವು ವಾರ ಶಕ್ತಿ ಏರುವುದು ಸ್ನಾಯು ದಪ್ಪವಾಗಿ ಅಲ್ಲ, ಇರುವ ಸ್ನಾಯುವನ್ನು ಬಳಸಲು ನರಮಂಡಲ ಕಲಿಯುವುದರಿಂದ. ಈ ಸೋಮವಾರ ಅಳೆದದ್ದು ಮೂರನೇ ಸೋಮವಾರಕ್ಕೆ ಹಳಸಿರುತ್ತದೆ. ‘ನಿನ್ನ ಗರಿಷ್ಠ ಎಷ್ಟು?’ ಎನ್ನುವುದು ಈ ಪದ್ಧತಿಯ ಪ್ರಶ್ನೆ. ಹೊಸಬರ ದೇಹಕ್ಕೇ ಅದರ ಉತ್ತರ ಇನ್ನೂ ಗೊತ್ತಿರುವುದಿಲ್ಲ.

‘ಇನ್ನೆಷ್ಟು ಉಳಿದಿದೆ?’

ಎರಡನೇ ನೋಟ್‌ಬುಕ್ ಅತ್ಯಂತ ದಪ್ಪ, ಅತ್ಯಂತ ತಮಾಷೆಯದ್ದೂ ಹೌದು. ಇದರ ಮೂಲ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರ ಶ್ರಮದ ಅಳತೆಗೋಲು. ಅವರ ಸ್ಕೇಲ್ 6ರಿಂದ 20ರವರೆಗೆ. ಹತ್ತರಿಂದ ಗುಣಿಸಿದರೆ ಸರಿಸುಮಾರು ನಾಡಿಬಡಿತ ಬರಲಿ ಎಂದು ಆ ವಿಚಿತ್ರ ಅಂಕಿಗಳು. ಭಾರ ಎತ್ತುವವರು ಅದನ್ನು ಹತ್ತಕ್ಕೆ ಇಳಿಸಿ, ಅರ್ಥವನ್ನೂ ಬದಲಿಸಿಕೊಂಡರು: 10 ಎಂದರೆ ಇನ್ನೊಂದು ರೆಪ್ ಕೂಡ ಆಗದು, 9 ಎಂದರೆ ಒಂದು ಉಳಿದಿದೆ, 8 ಎಂದರೆ ಎರಡು. 2016ರಲ್ಲಿ ಈ ಸ್ಕೇಲ್ ವಿಜ್ಞಾನ ಪತ್ರಿಕೆಯಲ್ಲೂ ಪ್ರಕಟವಾಯಿತು. ಈ ಶ್ರಮದ ಅಂಕಕ್ಕೆ ಎಲ್ಲರೂ ಆರ್‌ಪಿಇ ಎನ್ನುತ್ತಾರೆ, ಉಳಿದ ರೆಪ್‌ಗಳಿಗೆ ಆರ್‌ಐಆರ್.

ಇದರ ಆಕರ್ಷಣೆ ಎಂದರೆ ದಿನದ ಸ್ಥಿತಿ ತಾನಾಗಿ ಲೆಕ್ಕಕ್ಕೆ ಬರುತ್ತದೆ. ನಿದ್ದೆಗೆಟ್ಟು ಬಂದರೆ ಭಾರ ತಾನೇ ಇಳಿಯುತ್ತದೆ. ನನಗಂತೂ ಮೂರರಲ್ಲಿ ಇದೇ ಅಚ್ಚುಮೆಚ್ಚು.

ಕ್ಲೈಂಟ್‌ಗಳ ಕೈಯಲ್ಲಿ? ಲೆಗ್ ಎಕ್ಸ್‌ಟೆನ್ಶನ್ ಮೆಶಿನ್ ಮೇಲೆ ಕೂತ ಒಬ್ಬ ಹಿರಿಯ ಮಹಿಳೆಯನ್ನು ಕೇಳಿದೆ.

‘ಮೇಡಂ, ಇನ್ನೆಷ್ಟು ಆಗತ್ತೆ?’

‘ಎರಡು. ಅದ್ರ ಮೇಲೆ ಒಂದೂ ಇಲ್ಲ ಸರ್.’

‘ಸರಿ, ಆಗೋವರೆಗೂ ಮಾಡಿ. ನೋಡೋಣ.’

ಒಂಬತ್ತು ಮಾಡಿದರು. ಕೊನೆಯದು ಮುಗಿದಾಗ ಅವರಿಗೇ ನಗು ತಡೆಯಲಾಗಲಿಲ್ಲ. ಹೊಸಬರಿಗೆ ಉರಿಯುವುದೇ ಮಿತಿ ಎನಿಸುತ್ತದೆ. ಉರಿಗೂ ಮಿತಿಗೂ ನಡುವೆ ಎಷ್ಟು ದೂರವಿದೆ ಎಂದು ತಿಳಿಯಲು ಆ ದಾರಿಯಲ್ಲಿ ಒಮ್ಮೆಯಾದರೂ ನಡೆದಿರಬೇಕು. ಇದಕ್ಕೆ ಉಲ್ಟಾ ಜನರೂ ಇದ್ದಾರೆ, ಸಾಮಾನ್ಯವಾಗಿ ಹುಡುಗರು. ಬಾರ್ ಎದೆಯ ಮೇಲೆ ನಡುಗುತ್ತಿದ್ದರೂ ‘ಇನ್ನೂ ಮೂರು ಬರತ್ತೆ ಸರ್’. ಮತ್ತೆ ಕೆಲವರ ಉತ್ತರ ಪ್ರತಿ ಸಲವೂ ‘ಪರವಾಗಿಲ್ಲ’. ಭಾರ ಹೇಗಿದೆ? ಪರವಾಗಿಲ್ಲ. ಮಂಡಿ ಹೇಗಿದೆ? ಪರವಾಗಿಲ್ಲ. ಟ್ರೈನರ್‌ಗೆ ಬೇಸರವಾಗಬಾರದು ಎನ್ನುವ ಮರ್ಯಾದೆ ಅದು. ಆ ಮರ್ಯಾದೆಯನ್ನು ಸ್ಕೇಲ್‌ನಲ್ಲಿ ಎಷ್ಟು ಎಂದು ಬರೆದುಕೊಳ್ಳಲಿ?

ಮಿತಿಗೆ ಹತ್ತಿರವಾದಷ್ಟೂ ಜನರ ಅಂದಾಜು ಸರಿಯಾಗುತ್ತದೆ, ಮೊದಲ ಸೆಟ್‌ಗಿಂತ ಕೊನೆಯ ಸೆಟ್‌ನಲ್ಲಿ ಇನ್ನೂ ಚೆನ್ನಾಗಿ (ಬಿಡುವಿಲ್ಲದೆ ಮಾಡುವ ಒಂದು ಸುತ್ತು ರೆಪ್‌ಗಳೇ ಒಂದು ಸೆಟ್). ಇದನ್ನು ಕಂಡುಕೊಂಡ ಮೇಲೆ ನಾನು ಬಾಯಿಮಾತು ಕೇಳುವುದನ್ನು ಕಡಿಮೆ ಮಾಡಿ ಬಾರ್‌ನ ವೇಗ ನೋಡತೊಡಗಿದೆ. ತಳ್ಳುವ ಮನಸ್ಸು ಪೂರ್ತಿ ಇದ್ದೂ ರೆಪ್ ತಾನಾಗಿ ನಿಧಾನವಾದರೆ ಇನ್ನು ಉಳಿದಿರುವುದು ಬೆರಳೆಣಿಕೆ. ಬಾಯಿ ಸುಳ್ಳು ಹೇಳಬಹುದು, ಬಾರ್ ಹೇಳುವುದಿಲ್ಲ.

ಒಂದು ಕಡೆ ಮಾತ್ರ ಈ ಪದ್ಧತಿಗೆ ಸಾಟಿ ಇಲ್ಲ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ-ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಎಷ್ಟು ದುಡಿದರೂ ಹೆಚ್ಚು ಏರುವುದಿಲ್ಲ. ಅವರ ಕಾರ್ಡಿಯೋಗೆ 220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿಬಡಿತ ಅಂದಾಜಿಸಿ ಗುರಿ ಇಡುವುದು ಅಪಾಯ. ಆ ಸೂತ್ರ ಮೊದಲೇ ಒರಟು: 2001ರಲ್ಲಿ ಬಂದ ತಿದ್ದುಪಡಿ, ಅಂದರೆ 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು, ನಲವತ್ತರಲ್ಲಿ ಅದೇ 180 ಕೊಟ್ಟರೂ ಅರವತ್ತರಲ್ಲಿ 160ರ ಬದಲು 166 ಎನ್ನುತ್ತದೆ. ಎರಡೂ ಸರಾಸರಿಗಳೇ, ಎದುರು ನಿಂತ ಮನುಷ್ಯ ಹತ್ತು-ಹನ್ನೆರಡು ಬಡಿತ ಆಚೀಚೆ ಇರಬಹುದು. ಬೀಟಾ-ಬ್ಲಾಕರ್‌ನವರಿಗೆ ವಾಚ್ ಬಿಚ್ಚಿಡಿ ಎನ್ನುತ್ತೇನೆ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ, ಹಾಡಲು ಆಗುತ್ತಿಲ್ಲವೇ? ಮಧ್ಯಮ ತೀವ್ರತೆ ಅದೇ.

ಎರಡು ಮೆಟ್ಟಿಲು

ಮೂರನೆಯದು ಅಜ್ಜನ ಕಾಲದ್ದು, ನೋಡಲು ಪೆದ್ದುಪೆದ್ದಾಗಿದೆ. 8ರಿಂದ 12 ರೆಪ್, ಮೂರು ಸೆಟ್. ಆರಾಮವಾಗಿ 8 ಆಗುವ ಭಾರದಿಂದ ಶುರು. ಭಾರ ಮುಟ್ಟದೆ ರೆಪ್ ಏರಿಸುತ್ತಾ ಹೋಗುವುದು. ಮೂರೂ ಸೆಟ್‌ನಲ್ಲಿ 12 ಬಂದ ದಿನ ಭಾರ ಒಂದು ಹೆಜ್ಜೆ ಮೇಲೆ, ರೆಪ್ ಮತ್ತೆ 8ರ ಹತ್ತಿರ. ಅಷ್ಟೇ.

ಇದರ ಬೇರು ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿದೆ. ಗಾಯಗೊಂಡ ಸೈನಿಕರ ಕಾಲಿಗೆ ಶಕ್ತಿ ಮರಳಿಸಲು ಥಾಮಸ್ ಡಿಲಾರ್ಮ್ ಎಂಬ ವೈದ್ಯರು ಹತ್ತು ಬಾರಿ ಎತ್ತಬಲ್ಲ ಭಾರವನ್ನು ಅಳತೆಯಾಗಿ ಇಟ್ಟುಕೊಂಡು, ಶಕ್ತಿ ಹೆಚ್ಚಿದಂತೆ ಅದನ್ನು ಏರಿಸಿದರು. ಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದವರು 1948ರ ಹೊತ್ತಿಗೆ ಅದು ಅತಿಯಾಯಿತೆಂದು ಮೂರಕ್ಕೆ ಇಳಿಸಿದರು: ಆ ಭಾರದ ಅರ್ಧ, ಮುಕ್ಕಾಲು, ಪೂರ್ತಿ. ಇಂದಿಗೂ ‘ಮೂರು ಸೆಟ್ ಹತ್ತು’ ಎನ್ನುವ ಮಾತು ಎಲ್ಲರ ಬಾಯಲ್ಲಿರುವುದಕ್ಕೆ ಅವರೇ ಬಹುಪಾಲು ಕಾರಣ. ನನಗೆ ಇದರಲ್ಲಿ ಹಿಡಿಸಿದ್ದು ಇತಿಹಾಸಕ್ಕಿಂತ ಆ ಇಳಿಸುವಿಕೆ. ಕಡಿಮೆ ಮಾಡಿದರೂ ಸಾಕು ಎಂದು ಒಪ್ಪಿಕೊಳ್ಳುವ ಟ್ರೈನರ್‌ಗಳು ಎಷ್ಟು ಜನ!

ಈ ಪದ್ಧತಿಯ ಪ್ರಶ್ನೆ ‘ಎಷ್ಟು ಮಾಡಿದೆ?’ ಎನ್ನುವುದು. ಎಣಿಸಲು ಬರುವ ಯಾರೂ ಉತ್ತರಿಸಬಹುದು. ಊಹೆ ಇಲ್ಲ, ಸೂತ್ರ ಇಲ್ಲ, ಮರ್ಯಾದೆಗೂ ಜಾಗವಿಲ್ಲ. ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುವ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ಒಂದೇ ಭಾರದಲ್ಲಿ ಎರಡು-ಮೂರು ವಾರ ಸಿಗುತ್ತದೆ. ಕ್ಲೈಂಟ್ ಮನೆಯಲ್ಲಿ ಒಬ್ಬರೇ ಮಾಡುವ ದಿನವೂ ಲೆಕ್ಕ ತಪ್ಪುವುದಿಲ್ಲ. ನೋವು, ನಿಲುಗಡೆ ಎಂದು ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದು ಈ ನೋಟ್‌ಬುಕ್‌ನಲ್ಲೇ ಅತಿ ಕಡಿಮೆ.

ಕೊರತೆ ಇಲ್ಲವೆಂದಲ್ಲ. ಸಂಖ್ಯೆಗೆ ಆಸೆಬಿದ್ದವರು ಹನ್ನೊಂದು, ಹನ್ನೆರಡನೆಯದನ್ನು ಸೊಂಟ ಕುಲುಕಿಸಿ ಹೇಗೋ ಮುಗಿಸುತ್ತಾರೆ. ಹಾಗಾಗಿ ಪೆನ್ನು ನನ್ನ ಕೈಯಲ್ಲಿ. ಮೊದಲ ರೆಪ್ ಹೇಗಿತ್ತೋ ಕೊನೆಯದೂ ಹಾಗಿದ್ದರೆ ಮಾತ್ರ ಎಣಿಕೆಗೆ. ‘ಸರ್, ಹನ್ನೆರಡಾಯ್ತಲ್ಲ’ ಎಂದು ಒಬ್ಬ ಹುಡುಗ ದಿನಾ ಜಗಳ ತೆಗೆಯುತ್ತಿದ್ದ. ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದ ಮೇಲೆ ಅವನೇ ‘ಹತ್ತು ಬರ್ಕೊಳ್ಳಿ’ ಎಂದ. ಇನ್ನೊಂದು, ಕೆಟ್ಟ ದಿನಕ್ಕೆ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ಹಿಂದಿನ ಸಲ 11 ಇತ್ತು, ಇವತ್ತು 8 ಎಂದರೆ ಕ್ಲೈಂಟ್ ಮುಖ ಸಪ್ಪಗಾಗುತ್ತದೆ. ಆರೇಳು ತಿಂಗಳಾದ ಮೇಲೆ ಏರಿಕೆ ನಿಂತೇ ಹೋಗುವುದೂ ಉಂಟು.

ಈಗ ನನ್ನ ಕ್ರಮ ಹೀಗೆ. ಹೊಸಬರಿಗೆ ಮೊದಲ ಮೂರು ತಿಂಗಳು ಎರಡು ಮೆಟ್ಟಿಲು, ವಾರಕ್ಕೆ ಎರಡೋ ಮೂರೋ ದಿನ ಇಡೀ ದೇಹಕ್ಕೆ. ಜೊತೆಗೆ ಪ್ರತಿ ಕೊನೆಯ ಸೆಟ್ ಆದ ಮೇಲೆ ‘ಎಷ್ಟು ಉಳಿದಿತ್ತು?’ ಎಂದು ಕೇಳುತ್ತೇನೆ. ಆ ಉತ್ತರದ ಮೇಲೆ ಭಾರ ಬದಲಿಸುವುದಿಲ್ಲ, ಬರೀ ಬರೆದಿಡುತ್ತೇನೆ. ಅವರ ಅಂದಾಜಿಗೂ ಬಾರ್‌ನ ವೇಗಕ್ಕೂ ತಾಳೆಯಾಗತೊಡಗಿದ ಮೇಲೆ ಭಾರ ಆರಿಸುವುದನ್ನು ಅವರಿಗೇ ಬಿಡುತ್ತೇನೆ. ಶೇಕಡಾ ಲೆಕ್ಕ ಈಗ ಸ್ಪರ್ಧೆಗೆ ತಯಾರಾಗುವ ಇಬ್ಬರಿಗೆ ಮಾತ್ರ.

ಮೂರೂ ಲೆಕ್ಕಗಳು ಬಾಯಿಬಿಡದ ವಿಷಯ ಒಂದಿದೆ: ಮೊದಲ ದಿನ ಎಷ್ಟು ಸೆಟ್? ಮೈನೋವು ಒಂದರಿಂದ ಮೂರು ದಿನದೊಳಗೆ ಜಾಸ್ತಿಯಾಗಿ ಇಳಿದರೆ ಚಿಂತೆಯಿಲ್ಲ. ಆದರೆ ಅಭ್ಯಾಸವಿಲ್ಲದ ಮೈಗೆ ಮೊದಲ ದಿನವೇ ವಿಪರೀತ ಮಾಡಿಸಿದರೆ ಸ್ನಾಯು ಒಡೆದು ಅದರ ತುಣುಕುಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಸ್ಥಿತಿ ಬರಬಹುದು, ಅದೇ ರಾಬ್ಡೋಮಯೋಲಿಸಿಸ್. ಊತ, ತಡೆಯಲಾರದ ನೋವು, ಕಡು ಕಂದು ಬಣ್ಣದ ಮೂತ್ರ ಕಂಡರೆ ನನಗೆ ಫೋನ್ ಮಾಡುವುದಲ್ಲ, ನೇರ ಆಸ್ಪತ್ರೆಗೆ ಹೋಗುವುದು ಎಂದು ಮೊದಲೇ ಹೇಳಿಡುತ್ತೇನೆ. ಮೊದಲ ವಾರ ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್. ‘ಇಷ್ಟೇನಾ?’ ಎಂದು ಕೇಳಿದರೆ ‘ಇಷ್ಟೇ’.

ಇನ್ನೂ ಬಗೆಹರಿಯದ್ದು ಡಂಬೆಲ್‌ಗಳ ಹೆಜ್ಜೆ. ಒಮ್ಮೆಗೆ ಶೇ. 2ರಿಂದ 10ರಷ್ಟು ಏರಿಸಿ ಎನ್ನುತ್ತವೆ ಮಾರ್ಗಸೂಚಿಗಳು. ಬಾರ್‌ನಲ್ಲಿ 40ರಿಂದ 42.5ಕ್ಕೆ ಹೋದರೆ ಶೇ. 6 ಚಿಲ್ಲರೆ, ಸರಿ. ಕೈಗಳನ್ನು ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೈಸ್‌ಗೆ 5 ಕೆಜಿ ಡಂಬೆಲ್ ಬಿಟ್ಟು 7.5 ಎತ್ತಿಕೊಂಡರೆ ಅದು ಶೇ. 50! ಅಂಥ ವ್ಯಾಯಾಮಗಳಿಗೆ 8-12 ಬಿಟ್ಟು 10-20 ಇಟ್ಟಿದ್ದೇನೆ, ಮೂರೂ ಸೆಟ್ 20 ಮುಟ್ಟುವವರೆಗೆ ದೊಡ್ಡ ಡಂಬೆಲ್ ಮುಟ್ಟಿಸುವುದಿಲ್ಲ. ಆ ಒಂಬತ್ತು ರೆಪ್‌ನ ಮೇಡಂ ಈಗ 17ರಲ್ಲಿದ್ದಾರೆ. ಮೊನ್ನೆ ಡಂಬೆಲ್ ಕೆಳಗಿಟ್ಟು, ನಾನು ಕೇಳುವ ಮುಂಚೆಯೇ, ‘ಒಂದು ಉಳಿದಿತ್ತು ಸರ್, ಬರ್ಕೊಳ್ಳಿ’ ಎಂದರು.