ಉರಿಯದ ಕಡ್ಡಿಗಳನ್ನೂ ಲೆಕ್ಕಕ್ಕಿಟ್ಟ ಫಾಂಟ್: ಡಿಸೆಗ್

ಡಿಜಿಟಲ್ ಗಡಿಯಾರದ ಅಂಕಿಗಳನ್ನು ಹೋಲುವ ಫಾಂಟ್‌ಗಳು ಹಲವಿದ್ದರೂ ಅವುಗಳಲ್ಲಿ ಬಹಳಷ್ಟು ಆ ನೋಟವನ್ನಷ್ಟೇ ಎರವಲು ತಂದಿರುತ್ತವೆ. ಡಿಸೆಗ್ ಅನ್ನು ನಾನು ಮೆಚ್ಚುವುದು ಅದು ಅಂಥ ಗಡಿಯಾರದ ಅಂಕಿಫಲಕ ಕೆಲಸ ಮಾಡುವ ಬಗೆಯನ್ನೂ, ಅಂದರೆ ಪುಟ್ಟ ಕಡ್ಡಿಗಳಲ್ಲಿ ಬೇಕಾದಷ್ಟನ್ನು ಮಾತ್ರ ಉರಿಸಿ ಅಂಕಿ ಮೂಡಿಸುವ ಕ್ರಮವನ್ನೂ, ಅರಿತಿರುವುದಕ್ಕಾಗಿ. ಏಳು ಕಡ್ಡಿಗಳದ್ದು ಒಂದು, ಹದಿನಾಲ್ಕು ಕಡ್ಡಿಗಳದ್ದು ಇನ್ನೊಂದು ಎಂಬ ಎರಡು ಮುಖ್ಯ ಬಗೆಗಳು, ಅವುಗಳ ತೆಳು, ದಪ್ಪ ಹಾಗೂ ಓರೆ ರೂಪಗಳು ಸೇರಿ ಇದರಲ್ಲಿ 50ಕ್ಕೂ ಹೆಚ್ಚು ಫಾಂಟ್‌ಗಳಿವೆ. ಮುಕ್ತ ಪರವಾನಗಿಯಡಿ ಉಚಿತವಾಗಿ ದೊರೆಯುವುದರಿಂದ ವಾಣಿಜ್ಯ ಕೆಲಸಕ್ಕೂ ಅಡ್ಡಿಯಿಲ್ಲ.

ನಿಜವಾದ ಫಲಕದಲ್ಲಿ 1 ಎಂಬ ಅಂಕಿಯು ಬಲಬದಿಯ ಎರಡು ಕಡ್ಡಿಗಳಲ್ಲಷ್ಟೇ ಉರಿದರೂ 8ರಷ್ಟೇ ಜಾಗ ಹಿಡಿಯುತ್ತದೆ. ಡಿಸೆಗ್ ಈ ಶಿಸ್ತನ್ನು ಪಾಲಿಸುವುದರಿಂದ ಸೆಕೆಂಡುಗಳು ಓಡುವಾಗ ಸಾಲು ಅತ್ತಿತ್ತ ಜರುಗುವುದಿಲ್ಲ. ಸ್ಪೇಸ್ ಕೀಲಿ ಒತ್ತಿದಾಗ ಬೀಳುವ ಖಾಲಿ ಜಾಗದ ಅಗಲವನ್ನು ಕೋಲನ್ (:) ಚಿಹ್ನೆಯ ಅಗಲಕ್ಕೆ ಸರಿಹೊಂದಿಸಿರುವುದು ಇನ್ನೂ ಜಾಣತನದ ಕೆಲಸ, ಏಕೆಂದರೆ ಒಂದರ ಬದಲು ಇನ್ನೊಂದನ್ನು ಇಡುತ್ತಾ ಹೋದರೆ ಗಂಟೆ ಮತ್ತು ನಿಮಿಷಗಳ ನಡುವಿನ ಎರಡು ಚುಕ್ಕೆಗಳು ತಾವಾಗಿ ಮಿನುಗುತ್ತವೆ. ಪೂರ್ತಿ ಆರಿದ ಅಂಕಿಯ ಸ್ಥಾನ ಬೇಕಿದ್ದರೆ ಆಶ್ಚರ್ಯಸೂಚಕ ಚಿಹ್ನೆಯನ್ನು ಒತ್ತಬೇಕು. ಹಿಂದೊಂದು ಪದರದಲ್ಲಿ ಮಸುಕು ಬಣ್ಣದ 8ಗಳನ್ನಿಟ್ಟು ಅದರ ಮೇಲೆ ಸಮಯವನ್ನು ಬರೆದಾಗ, ಉರಿಯದ ಕಡ್ಡಿಗಳೂ ನೆರಳಿನಂತೆ ಕಂಡು, 1972ರಲ್ಲಿ ಬಂದ ಪಲ್ಸರ್ ಎಂಬ ಡಿಜಿಟಲ್ ಕೈಗಡಿಯಾರದ ಕಾಲಕ್ಕೆ ಭವಿಷ್ಯವೆಂದರೆ ಹೀಗಿದ್ದೀತು ಎನ್ನಿಸಿದ್ದ ಆ ನೋಟ ಮರಳಿ ಬರುತ್ತದೆ. (ಆ ಗಡಿಯಾರದಲ್ಲಿ ಸಮಯ ನೋಡಲು ಗುಂಡಿ ಒತ್ತಬೇಕಿತ್ತು, ಕೆಂಪು ದೀಪಗಳು ಅಷ್ಟು ಬ್ಯಾಟರಿ ತಿನ್ನುತ್ತಿದ್ದವು.)

ಅಕ್ಷರಗಳ ವಿಷಯಕ್ಕೆ ಬಂದರೆ ಇಷ್ಟು ಹೊಗಳಲಾರೆ. ಏಳು ಕಡ್ಡಿಗಳಿಂದ ಒಟ್ಟು 128 ರೂಪಗಳಷ್ಟೇ ಸಾಧ್ಯ, ಅವುಗಳಲ್ಲಿ ಒಂದಕ್ಕೂ ಓರೆಗೆರೆಯಿಲ್ಲ. ಆದ್ದರಿಂದ ರೋಮನ್ ಲಿಪಿಯ ಎಂ, ಡಬ್ಲ್ಯು, ಎಕ್ಸ್ ಅಕ್ಷರಗಳನ್ನು ಸಂದರ್ಭ ನೋಡಿ ಊಹಿಸಿಕೊಳ್ಳಬೇಕಾಗುತ್ತದೆ. ಇದು ಫಾಂಟ್ ರೂಪಿಸಿದವರ ತಪ್ಪಲ್ಲ, ಫಲಕದ್ದೇ ಮಿತಿ. ಪದಗಳನ್ನು ಬರೆಯುವುದಾದರೆ ಓರೆಗೆರೆಗಳುಳ್ಳ ಹದಿನಾಲ್ಕು ಕಡ್ಡಿಗಳ ಬಗೆಯೇ ಮೇಲು. ಅದರಲ್ಲೂ ಒಂದೆರಡು ಪದಗಳ ಶೀರ್ಷಿಕೆಯನ್ನು ಮೀರಿದರೆ ಕಣ್ಣು ದಣಿಯುತ್ತದೆ, ಗಾತ್ರ ತೀರಾ ಕಿರಿದಾದರೆ ಕಡ್ಡಿಗಳ ನಡುವಿನ ಸಂದು ಪರದೆಯಲ್ಲಿ ಕಲಸಿಹೋಗಿ ಅಕ್ಷರವು ಬರೀ ಒರಟು ಗೆರೆಯಾಗಿ ಉಳಿಯುತ್ತದೆ.