ದಾದರ್ ಸ್ಟೇಷನ್: ಒಂದರಿಂದ ಹದಿನಾಲ್ಕರವರೆಗೆ

ಮುಂಬಯಿಯ ಲೋಕಲ್‌ನಲ್ಲಿ ಓಡಾಡುವವರಿಗೆ ದಾದರ್ ತಪ್ಪಿದ್ದಲ್ಲ. ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ಮಾರ್ಗಗಳ ಫಾಸ್ಟ್ ಗಾಡಿಗಳು ಅಕ್ಕಪಕ್ಕ ಬಂದು ನಿಲ್ಲುವ ಸ್ಟೇಷನ್ ಇದೊಂದೇ. ಸೆಂಟ್ರಲ್‌ನಲ್ಲಿ ಇಳಿದು, ಬ್ರಿಜ್ ಹತ್ತಿ, ವೆಸ್ಟರ್ನ್ ಹಿಡಿಯುವುದು ನನ್ನ ಹಲವು ವರ್ಷಗಳ ದಿನಚರಿ. ಇಷ್ಟು ಕಾಲದಲ್ಲಿ ಇಲ್ಲಿ ಎಸ್ಕಲೇಟರ್ ಬಂತು, ಲಿಫ್ಟ್ ಬಂತು, ಎಸಿ ಲೋಕಲ್ ಬಂತು. ಆದರೆ ಪ್ರಯಾಣಿಕರಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಬೋರ್ಡಿನ ಮೇಲಿನ ನಂಬರು ಬದಲಾಗಿದ್ದು ಎಂದೇ ನನ್ನ ಅಭಿಪ್ರಾಯ.

ಅದು ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಾದರ್ ಮೂಲದಲ್ಲಿ ಒಂದು ಸ್ಟೇಷನ್ ಅಲ್ಲ, ಎರಡು ಕಂಪನಿಗಳ ಎರಡು ಸ್ಟೇಷನ್. ಪೂರ್ವದ ಹಳಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿದ ಮಾರ್ಗ. ಪಶ್ಚಿಮದ್ದು ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯದು. 1867ರಲ್ಲಿ ವಿರಾರ್‌ನಿಂದ ಬ್ಯಾಕ್‌ಬೇಗೆ ದಿನಕ್ಕೊಂದು ಗಾಡಿ ಶುರುವಾದಾಗ ಅದರ ನಿಲುಗಡೆಗಳಲ್ಲಿ ದಾದರ್ ಕೂಡ ಇತ್ತು. 1951ರಲ್ಲಿ ಇವು ಸೆಂಟ್ರಲ್ ಮತ್ತು ವೆಸ್ಟರ್ನ್ ರೈಲ್ವೆಗಳಾದವು. ಆದರೂ ನಡುವಿನ ಗೆರೆ ಅಳಿಯಲಿಲ್ಲ. ಎರಡೂ ಕಡೆ ಒಂದನೇ ನಂಬರ್ ಪ್ಲಾಟ್‌ಫಾರಂ, ಎರಡೂ ಕಡೆ ನಾಲ್ಕನೇ ನಂಬರ್. ಊರಿನಿಂದ ಬಂದವರಿಗೆ "ನಾಲ್ಕನೇ ನಂಬರಿಗೆ ಬನ್ನಿ" ಎಂದರೆ "ಯಾವ ನಾಲ್ಕು?" ಎಂಬ ಪ್ರಶ್ನೆ ಬಂದೇ ಬರುತ್ತಿತ್ತು.

2023ರ ಡಿಸೆಂಬರ್ 9ರಿಂದ ಆ ಗೊಂದಲವಿಲ್ಲ. ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದವು. ಸೆಂಟ್ರಲ್‌ನ ಹಳೆಯ ಒಂದನೇ ನಂಬರ್ 8 ಆಯಿತು, ಅಲ್ಲಿಂದ ಪೂರ್ವದ ತುದಿಯವರೆಗೆ 14. ಹಳೆಯ ಎರಡನೇ ಪ್ಲಾಟ್‌ಫಾರಂ ಅದಕ್ಕೂ ಮೊದಲೇ ಹೋಗಿತ್ತು. ಪಕ್ಕದ ಒಂದನೆಯದನ್ನು ಅಗಲ ಮಾಡಲು ಅದನ್ನು ಮುಚ್ಚಿದ್ದರು. ಆದ್ದರಿಂದ ಹಳೆಯ ಮೂರು ಈಗ 9, ಹಳೆಯ ಎಂಟು ಈಗ 14. ಹಳಬರು ಇನ್ನೂ ಹಳೆಯ ನಂಬರನ್ನೇ ಹೇಳುವುದುಂಟು, ದಾರಿ ಕೇಳುವಾಗ ಒಮ್ಮೆ ಬೋರ್ಡ್ ನೋಡಿಕೊಳ್ಳಿ. ಪಶ್ಚಿಮದಿಂದ ಪೂರ್ವಕ್ಕೆ ನಂಬರು ಏರುತ್ತದೆ ಎಂಬುದೊಂದು ನೆನಪಿದ್ದರೆ ಸಾಕು, ಬ್ರಿಜ್ ಮೇಲೆ ನಿಂತಾಗ ಯಾವ ದಿಕ್ಕಿಗೆ ತಿರುಗಬೇಕೆಂದು ಗೊತ್ತಾಗುತ್ತದೆ.

ಇಡೀ ಸ್ಟೇಷನ್ನಿನ ಪ್ರಾಣ ಈ ಬ್ರಿಜ್‌ಗಳಲ್ಲಿದೆ. ಪ್ಲಾಟ್‌ಫಾರಂಗಳು ಉತ್ತರ ದಕ್ಷಿಣವಾಗಿ ಮಲಗಿವೆ, ಜನ ಹರಿಯುವುದು ಅಡ್ಡಲಾಗಿ. ಪಾಸಿನ ಮೇಲೆ 'ವಯಾ ದಾದರ್' ಎಂದಿದ್ದರೆ ಹೊರಗೆ ಹೋಗದೆ ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟಬಹುದು. ಬೆಳಗಿನ ಗರ್ದಿಯಲ್ಲಿ ಸೆಂಟ್ರಲ್‌ನಿಂದ ಇಳಿದವರು ಮೇಲೆ ಹತ್ತುತ್ತಿರುವಾಗಲೇ ವೆಸ್ಟರ್ನ್‌ನವರು ಎದುರಿನಿಂದ ಇಳಿಯುತ್ತಾರೆ. ಅವರ ನಡುವೆಯೇ ಪಶ್ಚಿಮ ಬದಿಯ ಹೂವಿನ ಮಾರುಕಟ್ಟೆಯಿಂದ ಬಂದ ಚೆಂಡು ಹೂವಿನ ಮೂಟೆಗಳು ತಲೆಯ ಮೇಲೆ ಸಾಗುತ್ತವೆ. ಮೂಟೆಯಿಂದ ನೀರು ತೊಟ್ಟಿಕ್ಕಿ ಮೆಟ್ಟಿಲು ಒದ್ದೆಯಾಗಿರುತ್ತದೆ, ಕೇಸರಿ ದಳಗಳು ಚಪ್ಪಲಿಗೆ ಅಂಟಿಕೊಂಡು ಇನ್ನೊಂದು ಪ್ಲಾಟ್‌ಫಾರಂವರೆಗೂ ಬರುತ್ತವೆ. ಮಳೆಗಾಲದಲ್ಲಂತೂ ಕಂಬಿ ಹಿಡಿದೇ ಇಳಿಯಬೇಕು. ವಯಸ್ಸಾದವರು ಜೊತೆಗಿದ್ದರೆ ಮಧ್ಯಾಹ್ನ ಹನ್ನೆರಡರ ನಂತರ, ನಾಲ್ಕರೊಳಗೆ ಬರುವುದು ಒಳ್ಳೆಯದು. ಒಟ್ಟಾರೆ ಈ ಸ್ಟೇಷನ್ನಿಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಈ ಮೆಟ್ಟಿಲುಗಳ ಇಕ್ಕಟ್ಟಿಗೆ.

ಇಳಿಯುವುದಕ್ಕೂ ಇಲ್ಲೊಂದು ಪದ್ಧತಿಯಿದೆ. ಫಾಸ್ಟ್ ಗಾಡಿ ಕುರ್ಲಾ ದಾಟುತ್ತಿದ್ದಂತೆ ಹಿಂದಿನವರು ಮುಂದಿನವರ ಭುಜ ತಟ್ಟಿ "ದಾದರ್?" ಎಂದು ಕೇಳುತ್ತಾರೆ. ಹೌದೆಂದರೆ ಅವರ ಬೆನ್ನಿಗೆ ನಿಲ್ಲುತ್ತಾರೆ, ಇಲ್ಲವೆಂದರೆ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಗಾಡಿ ನಿಲ್ಲುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಡಬ್ಬಿ ಖಾಲಿಯಾಗಿ ಮತ್ತೆ ತುಂಬುವುದು ಈ ಅಪರಿಚಿತರ ಹೊಂದಾಣಿಕೆಯಿಂದಲೇ. ಇದನ್ನು ನೋಡಿದಾಗಲೆಲ್ಲ ಈ ಊರಿನ ಮೇಲೆ ನನ್ನ ಪ್ರೀತಿ ಹೆಚ್ಚುತ್ತದೆ. ನೀವು ಮುಂದಕ್ಕೆ ಹೋಗುವವರಾದರೆ ಬಾಗಿಲ ಹತ್ತಿರ ನಿಲ್ಲಲೇಬೇಡಿ.

ಹೊರಗೆ ಬಂದರೆ ಎರಡು ಬೇರೆಯೇ ಊರುಗಳು. ವೆಸ್ಟ್‌ನಲ್ಲಿ ಹೂವು, ತರಕಾರಿ, ರಾನಡೆ ರೋಡಿನ ಸೀರೆ ಅಂಗಡಿಗಳು. ಡಿಸೆಂಬರ್ 6ರಂದು ಅಂಬೇಡ್ಕರ್ ಸ್ಮಾರಕವಾದ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನರ ದಾರಿಯೂ ಇದೇ ಬದಿ. ಈಸ್ಟ್‌ನಲ್ಲಿ ಮರಗಳ ನೆರಳಿನ ಹಿಂದೂ ಕಾಲನಿ, ಪಾರ್ಸಿ ಕಾಲನಿ. 1896ರ ಪ್ಲೇಗಿನ ನಂತರ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕಿಗೆ ಜಾಗ ಬಿಟ್ಟು ಯೋಜಿಸಿದ ಬಡಾವಣೆಗಳಿವು. ಬಸ್ಸಿನವರು ಕೂಗುವ 'ದಾದರ್ ಟಿಟಿ' ಅಂದರೆ ಟ್ರಾಮ್ ಟರ್ಮಿನಸ್. ಮುಂಬಯಿಯ ಕಡೆಯ ಟ್ರಾಮ್ 1964ರ ಮಾರ್ಚ್ 31ರಂದು ಬೋರಿ ಬಂದರಿನಿಂದ ಹೊರಟು ಇಲ್ಲಿಗೇ ಬಂದು ನಿಂತಿತು.

ನಮ್ಮ ಕಡೆಯವರಿಗೆ ದಾದರ್ ಇನ್ನೊಂದು ಕಾರಣಕ್ಕೂ ಹತ್ತಿರ. ಮೈಸೂರಿನ ಶರಾವತಿ ಎಕ್ಸ್‌ಪ್ರೆಸ್, ಹುಬ್ಬಳ್ಳಿ ಮೇಲಿಂದ ಪುದುಚೇರಿಗೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ ಎರಡೂ ಹೊರಡುವುದು ಸೆಂಟ್ರಲ್ ಬದಿಯಿಂದ. ಟ್ಯಾಕ್ಸಿಯವರಿಗೆ ಬರೀ 'ದಾದರ್' ಎಂದರೆ ವೆಸ್ಟ್‌ನಲ್ಲಿ ಇಳಿಸಿಬಿಟ್ಟಾರು, ಆಮೇಲೆ ಸೂಟ್‌ಕೇಸ್ ಹೊತ್ತು ಇಡೀ ಬ್ರಿಜ್ ದಾಟಬೇಕು. 'ದಾದರ್ ಈಸ್ಟ್' ಎಂದೇ ಹೇಳಿ. ಮಾತುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ನಿಗೆ ಹೋಗುವವರು ಸೆಂಟ್ರಲ್‌ನ ಸ್ಲೋ (ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ) ಹಿಡಿದು ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬೇಕು. ವೆಸ್ಟರ್ನ್‌ನ ಮಾತುಂಗಾ ರೋಡ್ ಬೇರೆ.

2025ರ ಮೇ ತಿಂಗಳಿಂದ ಭೂಗತ ಮೆಟ್ರೋದ ಆಕ್ವಾ ಲೈನ್ ಕೂಡ ದಾದರ್‌ಗೆ ಬಂದಿದೆ. ಅದರ ಸ್ಟೇಷನ್ ವೆಸ್ಟ್‌ನಲ್ಲಿ, ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬೇಕು. ಕೈಯಲ್ಲಿ ಸಾಮಾನಿದ್ದರೆ ಆ ನಡಿಗೆಗೂ ಸಮಯ ಇಟ್ಟುಕೊಳ್ಳಿ.