ಕಲ್ಲುಗೋಡೆಯ ತೇವಕ್ಕೆ ಇಂಜೆಕ್ಷನ್ ಕ್ರೀಮ್: ಎರಡು ವರ್ಷಗಳ ನಂತರ

ನೆಲದಿಂದ ಏರುವ ತೇವವನ್ನು ತಡೆಯಲೆಂದು ನಮ್ಮ ಹಳೆಯ ಕಲ್ಲಿನ ಮನೆಯ ಗೋಡೆಗಳಿಗೆ ಸಿಲೇನ್-ಸಿಲಾಕ್ಸೇನ್ ಕ್ರೀಮ್ (ಗೋಡೆ ನೀರು ಹೀರದಂತೆ ಮಾಡುವ ರಾಸಾಯನಿಕ) ತುಂಬಿಸಿ ಎರಡು ವರ್ಷಗಳಾದವು. ಕ್ರೀಮಿನ ಬಗ್ಗೆ ನನ್ನ ತಕರಾರು ಹೆಚ್ಚಿಲ್ಲ. ತಕರಾರು ಇರುವುದೆಲ್ಲ, ನಮ್ಮ ಗೋಡೆಗೆ ಅದೇ ಮದ್ದು ಎಂದು ತೀರ್ಮಾನಿಸಿದ ರೀತಿಯ ಬಗ್ಗೆ.

ಕ್ರೀಮ್ ತುಂಬುವ ಸಂಸ್ಥೆಯಿಂದ ಬಂದವರು ತೇವ ನೋಡುವ ಎರಡು ಮುಳ್ಳಿನ ಮೀಟರನ್ನು ಗಿಲಾವಿಗೆ ಒತ್ತಿದರು, ಅದು ಕೀಂಗುಟ್ಟಿತು, ತಪಾಸಣೆ ಅಲ್ಲಿಗೆ ಮುಗಿಯಿತು. ಆ ಮೀಟರ್ ವಾಸ್ತವವಾಗಿ ಅಳೆಯುವುದು ವಿದ್ಯುತ್ ಹರಿಯುವ ಸುಲಭತೆಯನ್ನು, ಅದರ ಅಂಕಿಗಳನ್ನು ಹೊಂದಿಸಿರುವುದು ಮರಕ್ಕೆ. ಉಪ್ಪು ವಿದ್ಯುತ್ ಹರಿಯುವುದನ್ನು ಸುಲಭಗೊಳಿಸುವುದರಿಂದ, ಉಪ್ಪು ಹಿಡಿದ ಗೋಡೆಯಲ್ಲಿ ನೀರು ಕಡಿಮೆಯಿದ್ದರೂ ಅದು ಕೂಗಿಕೊಳ್ಳುತ್ತದೆ. ಗೋಡೆಯ ಒಳಗಿನಿಂದ ಕೊರೆದು ತೆಗೆದ ಪುಡಿಗೆ ಕ್ಯಾಲ್ಸಿಯಂ ಕಾರ್ಬೈಡ್ ಬೆರೆಸಿ, ಹುಟ್ಟುವ ಅನಿಲದ ಒತ್ತಡದಿಂದ ತೇವವನ್ನು ಲೆಕ್ಕ ಹಾಕುವ ಪರೀಕ್ಷೆಯೊಂದಿದೆ. ಅದನ್ನು ಮಾಡಿಸಬೇಕಿತ್ತು. ನಾನೂ ಕೇಳಲಿಲ್ಲ.

ಗಾರೆಯ ಸಂದಿನಲ್ಲಿ 12 ಮಿಲಿಮೀಟರ್ ಅಗಲದ ತೂತುಗಳನ್ನು ಸುಮಾರು 12 ಸೆಂಟಿಮೀಟರಿಗೊಂದರಂತೆ ಕೊರೆದು ಕ್ರೀಮ್ ತುಂಬುವುದು ಇದರ ಕ್ರಮ. ಇಟ್ಟಿಗೆ ಗೋಡೆಯಲ್ಲಿ ಸಂದು ನೇರವಾಗಿ ಸಾಗುವುದರಿಂದ ತಡೆಯ ಗೆರೆ ಎಲ್ಲೂ ಮುರಿಯದು. ನಮ್ಮದು ಅರ್ಧ ಮೀಟರ್ ದಪ್ಪದ ಕಾಡುಗಲ್ಲಿನ ಗೋಡೆ. ಹೊರಮೈ ಒಳಮೈಗಳ ನಡುವೆ ಚೂರುಗಲ್ಲು ಮತ್ತು ಮಣ್ಣು. ಮೂರನೆಯ ತೂತಿನಲ್ಲಿ ಡ್ರಿಲ್ ತಟ್ಟನೆ ಒಳಕ್ಕೆ ಜಾರಿತು, ಒಂದಿಡೀ ಕೊಳವೆ ಕ್ರೀಮ್ ಆ ಪೊಳ್ಳಿನಲ್ಲಿ ಇಳಿದುಹೋಯಿತು, ಕೆಲಸಗಾರ ಸುಮ್ಮನೆ ಮುಂದಿನ ತೂತಿಗೆ ಹೋದ.

ಇದಕ್ಕಿಂತ ದೊಡ್ಡ ಅನಾಹುತವೆಂದರೆ ಮೇಲೆ ಒಂದು ಮೀಟರ್ ಎತ್ತರಕ್ಕೆ ಬಳಿದ ಜಲನಿರೋಧಕ ಸಿಮೆಂಟ್ ಗಿಲಾವು. ಒಳಗಿದ್ದ ತೇವಕ್ಕೆ ಆವಿಯಾಗಲು ದಾರಿಯಿಲ್ಲದೆ, ಹತ್ತು ತಿಂಗಳೊಳಗೆ ಸಿಮೆಂಟಿನ ಅಂಚಿನ ಮೇಲೆಯೇ ಬಣ್ಣ ಹಕ್ಕಳೆಯೆದ್ದು, ಅದರಡಿಯಲ್ಲಿ ಬಿಳಿ ಉಪ್ಪಿನ ಹುಡಿ ಕಾಣಿಸಿಕೊಂಡಿತು. ಖಾತರಿ ಪತ್ರ ತೆಗೆದು ನೋಡಿದರೆ ಅದು ಕ್ರೀಮಿಗೆ ಮಾತ್ರ ಅನ್ವಯಿಸುತ್ತಿತ್ತು, ಗಿಲಾವಿಗೆ ಅಲ್ಲ.

ನಂತರ ಕರೆಸಿದ ಅನುಭವಿ ಮೇಸ್ತ್ರಿ ಮೊದಲು ಮನೆಯ ಹೊರಗೆ ಹೋಗಿ ನೆಲ ನೋಡಿದರು. ವರ್ಷಗಳಿಂದ ಶೇಖರವಾದ ಮಣ್ಣು ಮನೆಯ ಒಳನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ಬಂದಿತ್ತು. ಒಡೆದ ಮಳೆನೀರಿನ ಕೊಳವೆ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಮಣ್ಣು ತೆಗೆಸಿ, ಜಲ್ಲಿ ತುಂಬಿದ ಕಾಲುವೆ ಮಾಡಿಸಿ, ಕೊಳವೆ ಸರಿಪಡಿಸಿ, ಸಿಮೆಂಟನ್ನು ಕಿತ್ತು ಸುಣ್ಣದ ಗಾರೆ ಹಾಕಿಸಿದೆವು. ದಪ್ಪ ಗೋಡೆ ತಿಂಗಳಿಗೆ ಸುಮಾರು 25 ಮಿಲಿಮೀಟರಿನಂತೆ ಒಣಗುತ್ತದೆ ಎಂಬ ರೂಢಿಯ ಲೆಕ್ಕದಲ್ಲಿ ನಮ್ಮ ಗೋಡೆಗೆ ಇಪ್ಪತ್ತು ತಿಂಗಳು ಬೇಕು. ಕೆಲವೇ ವಾರಗಳಲ್ಲಿ ಒಣಗುತ್ತದೆಂದು ಸಂಸ್ಥೆಯವರು ಹೇಳಿದ್ದು ಯಾವ ಲೆಕ್ಕವೋ ತಿಳಿಯದು.

ಹೊರಗಿನ ಮಣ್ಣು ತಗ್ಗಿನಲ್ಲೇ ಇದ್ದು, ನೇರ ಸಾಲಿನ ಇಟ್ಟಿಗೆ ಗೋಡೆಯಿದ್ದವರಿಗೆ ಈ ಕ್ರೀಮನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಕಾಡುಗಲ್ಲಿನ ಗೋಡೆಗೆ ಹೇಳಲಾರೆ. ನಮ್ಮಲ್ಲಿ ಮೂಲೆಯೊಂದರಲ್ಲಿ ಉಪ್ಪು ಈಗಲೂ ಏಳುತ್ತಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಇಳಿಯುವುದರಿಂದ, ಒಣ ಕುಂಚದಿಂದ ಗುಡಿಸಿ ಮನೆಯಾಚೆ ಎಸೆಯುತ್ತಿದ್ದೇವೆ.